ಖಿನ್ನತೆಯ ರೇಟಿಂಗ್ ಸ್ಕೇಲ್ ತರಬೇತಿ: ಒಂದು ದಿನ ಸಾಕೇ, ಎರಡು ದಿನ ಬೇಕೇ?

ತರಬೇತಿಗೆ ಎಷ್ಟು ದಿನ ಬೇಕು, ಒಂದೇ ರೋಗಿಗೆ ಸಿಬ್ಬಂದಿ ಕೊಡುವ ಅಂಕಗಳಲ್ಲಿ ಶೇಕಡ 80ರಷ್ಟು ಹೊಂದಾಣಿಕೆ ಬಂದರೆ ಸಾಕೇ ಎಂದು ಕೇಳಿದ್ದೀರಿ. ರೋಗಿಯನ್ನು ಸಂದರ್ಶಿಸಿ ಖಿನ್ನತೆಯ ತೀವ್ರತೆಗೆ ಅಂಶವಾರು ಅಂಕ ಕೊಡುವ ಹ್ಯಾಮಿಲ್ಟನ್ ಖಿನ್ನತೆ ಸ್ಕೇಲನ್ನು ನಮ್ಮ ತಂಡಕ್ಕೆ ಕಲಿಸುವ ಹೊಣೆ ನನ್ನ ಪಾಲಿಗೆ ಬಂದಾಗ ನಾನೂ ಇದೇ ಲೆಕ್ಕದಿಂದ ಆರಂಭಿಸಿದ್ದೆ. ಅನುಭವಿ ವೈದ್ಯರೊಬ್ಬರು ನಡೆಸಿದ ಸಂದರ್ಶನಗಳ ವಿಡಿಯೋ ತೋರಿಸಿದೆ, ಎಲ್ಲರೂ ಅಂಕ ಕೊಟ್ಟರು, ವ್ಯತ್ಯಾಸ ಬಂದಲ್ಲೆಲ್ಲ ಚರ್ಚಿಸಿದೆವು. ಕೊನೆಯ ವಿಡಿಯೋ ಹೊತ್ತಿಗೆ ಅಂಕಗಳು ಚೆನ್ನಾಗಿ ಕೂಡಿಬಂದದ್ದರಿಂದ ತರಬೇತಿ ಮುಗಿಯಿತೆಂದು ತೀರ್ಮಾನಿಸಿದೆ.

ತಪ್ಪಿದ್ದು ಅಲ್ಲಿಯೇ. ಏನನ್ನು ಕೇಳಬೇಕು, ಎಲ್ಲಿ ಇನ್ನಷ್ಟು ಕೆದಕಬೇಕು ಎಂಬ ಕಷ್ಟದ ಕೆಲಸವನ್ನೆಲ್ಲ ವಿಡಿಯೋದಲ್ಲಿ ಆ ವೈದ್ಯರೇ ಮಾಡಿ ಮುಗಿಸಿದ್ದರು. ನಮ್ಮವರು ಕಲಿತದ್ದು ಅವರು ಹೊರತೆಗೆದ ಉತ್ತರಗಳಿಗೆ ಅಂಕ ಹಾಕುವುದನ್ನು ಮಾತ್ರ. ವಾರ್ಡಿಗೆ ಹೋದ ಮೇಲೆ ಒಬ್ಬರು "ನಿದ್ರೆ ಹೇಗಿದೆ?" ಎಂದು ಕೇಳಿ, "ಪರವಾಗಿಲ್ಲ" ಎಂಬ ಉತ್ತರಕ್ಕೆ ಸೊನ್ನೆ ಬರೆದರು. ಮತ್ತೊಬ್ಬರು ಅದೇ ರೋಗಿಯನ್ನು, ಮಲಗಿದ ಎಷ್ಟು ಹೊತ್ತಿಗೆ ನಿದ್ರೆ ಹತ್ತುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆಯೇ, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ರೆ ಬರುತ್ತದೆಯೇ ಎಂದು ಬಿಡಿಬಿಡಿಯಾಗಿ ಕೇಳಿದರು. ಈ ಮೂರೂ ಸ್ಕೇಲಿನಲ್ಲಿ ಪ್ರತ್ಯೇಕ ಅಂಶಗಳು, ಒಂದೊಂದಕ್ಕೂ 2ರವರೆಗೆ ಅಂಕವಿದೆ. ಅಂದರೆ ನಿದ್ರೆಯೊಂದರಲ್ಲೇ ಇಬ್ಬರ ನಡುವೆ 6 ಅಂಕಗಳ ಅಂತರ ಬೀಳಬಹುದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆತ್ಮಹತ್ಯೆಯ ಅಂಶ. "ಅಂಥ ಯೋಚನೆಯೇನೂ ಇಲ್ಲ ತಾನೇ?" ಎಂದು ಕೇಳಿದರೆ "ಇಲ್ಲ" ಎನ್ನುವುದೇ ರೋಗಿಗೆ ಸುಲಭ.

ಮೊದಲ ಭೇಟಿಯಲ್ಲಿ ಒಬ್ಬರು, ಮರುಭೇಟಿಯಲ್ಲಿ ಇನ್ನೊಬ್ಬರು ಅಳೆದಿದ್ದರಿಂದ ರೋಗಿ ಚೇತರಿಸಿಕೊಂಡರೋ ಅಥವಾ ಕೇಳಿದವರು ಬದಲಾದರೋ ಎಂದು ಹೇಳಲಾಗದೆ, ಅಷ್ಟೂ ಮಾಹಿತಿಯನ್ನು ಬದಿಗಿಡಬೇಕಾಯಿತು.

ಆದ್ದರಿಂದ ದಿನಗಳ ಲೆಕ್ಕವೇ ತಪ್ಪು ಪ್ರಶ್ನೆ ಎನ್ನುತ್ತೇನೆ. ಅಂಕ ಹಾಕುವುದಕ್ಕೆ ಮೊದಲು ಕೇಳುವುದನ್ನು ಕಲಿಸಿ. 1960ರ ಈ ಸ್ಕೇಲಿಗೆ ಜಾನೆಟ್ ವಿಲಿಯಮ್ಸ್ 1988ರಲ್ಲಿ ಪ್ರಕಟಿಸಿದ ಸಂದರ್ಶನ ಮಾರ್ಗದರ್ಶಿಯಲ್ಲಿ ಪ್ರತಿ ಅಂಶಕ್ಕೂ ಸಿದ್ಧ ಪ್ರಶ್ನೆಗಳಿವೆ. ಅವುಗಳನ್ನು ಬಾಯಿಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿಸಬೇಕು. ಸಿಬ್ಬಂದಿಗೆ ಕೊಡುವ ಪರೀಕ್ಷೆಯೂ ಹಾಗೆಯೇ ಇರಲಿ: ರೋಗಿಯ ಒಪ್ಪಿಗೆ ಪಡೆದು, ಸ್ವಲ್ಪ ಅಂತರದಲ್ಲಿ ಇಬ್ಬರು ಪ್ರತ್ಯೇಕವಾಗಿ ಸಂದರ್ಶನ ಮಾಡಿ, ಪರಸ್ಪರ ಮಾತನಾಡುವ ಮೊದಲೇ ಅಂಕಗಳನ್ನು ಒಪ್ಪಿಸಲಿ. ಚರ್ಚೆಯ ನಂತರ ಕೂಡಿಬಂದ ಅಂಕಗಳನ್ನು ಹೊಂದಾಣಿಕೆಯೆಂದು ಎಣಿಸಲೇಬೇಡಿ.

ಶೇಕಡ 80ರ ಮಾತಿಗೂ ನನ್ನ ಒಪ್ಪಿಗೆಯಿಲ್ಲ. ಹೆಚ್ಚಿನ ರೋಗಿಗಳಿಗೆ ಸೊನ್ನೆಯೇ ಬರುವ ಅಂಶದಲ್ಲಿ, ಇಬ್ಬರೂ ಕಣ್ಣುಮುಚ್ಚಿ ಸೊನ್ನೆ ಬರೆದರೂ ಅಷ್ಟು ಹೊಂದಾಣಿಕೆ ಬರುತ್ತದೆ. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಲೆಕ್ಕ ಹಾಕುವ ಕಪ್ಪಾ ಎಂಬ ಅಳತೆಯನ್ನು ಅಂಶಗಳಿಗೂ, ಬೇರೆ ಬೇರೆಯವರು ಕೊಟ್ಟ ಅಂಕಗಳು ಎಷ್ಟು ಕೂಡಿಬರುತ್ತವೆಂದು ತೋರಿಸುವ ಐಸಿಸಿಯನ್ನು (ಇಂಟ್ರಾಕ್ಲಾಸ್ ಕೋರಿಲೇಶನ್) ಒಟ್ಟು ಅಂಕಕ್ಕೂ ಬಳಸಿ. ಒಟ್ಟು ಅಂಕವನ್ನಷ್ಟೇ ನೋಡಿ ಸಮಾಧಾನಪಡಬೇಡಿ, ಏಕೆಂದರೆ ಒಬ್ಬರು ನಿದ್ರೆಗೆ ಹೆಚ್ಚು, ಆತಂಕಕ್ಕೆ ಕಡಿಮೆ ಕೊಟ್ಟು, ಇನ್ನೊಬ್ಬರು ಅದನ್ನು ತಿರುವುಮುರುವು ಮಾಡಿದ್ದರೂ ಮೊತ್ತ ಒಂದೇ ಆಗಿರುತ್ತದೆ. ಕೆಲವು ತಿಂಗಳಲ್ಲಿ ಪ್ರತಿಯೊಬ್ಬರ ಅಂಕವೂ ತನ್ನದೇ ದಿಕ್ಕಿಗೆ ಸರಿಯತೊಡಗುವುದರಿಂದ ಈ ಪರೀಕ್ಷೆಯನ್ನು ಆಗಾಗ ಮತ್ತೆ ನಡೆಸಬೇಕು.

ನಿಮಗೆ ಒಂದೇ ದಿನ ಸಿಕ್ಕಿದ್ದರೆ ಒಂದು ವಿಡಿಯೋ ಮಾತ್ರ ಇಟ್ಟುಕೊಂಡು, ಉಳಿದ ಹೊತ್ತನ್ನೆಲ್ಲ ಸಿಬ್ಬಂದಿಯಿಂದಲೇ ಸಂದರ್ಶನ ಮಾಡಿಸುವುದಕ್ಕೆ ಕೊಡಿ.