ನಮ್ಮ ಮಾತು ನಮಗೇ ತಡವಾಗಿ ಕೇಳಿಸಿದರೆ ನಾಲಿಗೆ ಯಾಕೆ ತಡವರಿಸುತ್ತದೆ?

ನೀವು ಕೇಳಿದ್ದು ಇಷ್ಟು: ವಿದೇಶದಲ್ಲಿರುವ ಮಗಳ ಜೊತೆ ಫೋನಿನಲ್ಲಿ ಮಾತನಾಡುವಾಗ ಕೆಲವೊಮ್ಮೆ ನಿಮ್ಮದೇ ಮಾತು ಸ್ವಲ್ಪ ತಡವಾಗಿ ನಿಮ್ಮ ಕಿವಿಗೆ ವಾಪಸ್ ಬರುತ್ತದೆ. ಆಗ ನಾಲಿಗೆ ಕಟ್ಟಿದಂತಾಗುತ್ತದೆ, ಮಾತು ಎಳೆಯುತ್ತದೆ, ನಡುವೆ ನಿಂತೇ ಹೋಗುತ್ತದೆ. ಅದೇ ಫೋನಿನಲ್ಲಿ ನಿಮ್ಮ ಯಜಮಾನರು ಸರಾಗವಾಗಿ ಮಾತನಾಡುತ್ತಾರೆ. ಇದು ಉಗ್ಗಿನ ಶುರುವೇ, ಮೆದುಳಿನಲ್ಲಿ ಏನಾದರೂ ತೊಂದರೆಯೇ ಎಂದು ನಿಮಗೆ ಗಾಬರಿ.

ಗಾಬರಿ ಬೇಡ. ನಾನು ಸ್ಪೀಚ್ ಥೆರಪಿಸ್ಟ್. ನಿಮಗೆ ಫೋನಿನಲ್ಲಿ ಆಗುತ್ತಿರುವುದನ್ನು ನಾವು ಕ್ಲಿನಿಕ್ಕಿನಲ್ಲಿ ಬೇಕೆಂದೇ ಮಾಡಿಸುತ್ತೇವೆ. ಹೆಡ್‌ಫೋನ್ ಹಾಕಿಸಿ, ಮೈಕಿನ ಮುಂದೆ ಓದಿಸಿ, ಅವರ ದನಿಯನ್ನೇ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡ ಮಾಡಿ ಕಿವಿಗೆ ಬಿಟ್ಟರೆ ಸಾಕು. ಮಾತಿನಲ್ಲಿ ಯಾವ ತೊಂದರೆಯೂ ಇಲ್ಲದವರೇ ಎರಡು ಸಾಲು ದಾಟುವಷ್ಟರಲ್ಲಿ ಎಡವುತ್ತಾರೆ. ಹ್ರಸ್ವ ಅಕ್ಷರಗಳು ಉದ್ದವಾಗುತ್ತವೆ, ‘ಬಳೆ’ ಎಂದು ಓದಿದ್ದು ‘ಬಾಳೆ’ ಎಂದು ಕೇಳಿಸುತ್ತದೆ. ಕೆಲವರು ಒಂದೇ ಅಕ್ಷರವನ್ನು ಎರಡೆರಡು ಸಲ ಹೇಳುತ್ತಾರೆ. ದನಿ ತಾನಾಗಿಯೇ ಜೋರಾಗುತ್ತದೆ. ಹೆಡ್‌ಫೋನ್ ತೆಗೆದರೆ ಎಲ್ಲ ಮೊದಲಿನಂತೆ.

ಇದನ್ನು 1950ರಲ್ಲಿ ಬರೆದು ತಿಳಿಸಿದವರು ಬರ್ನಾರ್ಡ್ ಲೀ ಎಂಬ ಅಮೆರಿಕದ ಎಂಜಿನಿಯರ್. ಆಗ ಟೇಪ್ ರೆಕಾರ್ಡರುಗಳ ಕಾಲ. ದನಿಯನ್ನು ಟೇಪಿಗೆ ಹತ್ತಿಸುವ ಹೆಡ್ ಒಂದು, ಕೇಳಿಸುವ ಹೆಡ್ ಇನ್ನೊಂದು. ಟೇಪು ಒಂದರಿಂದ ಇನ್ನೊಂದಕ್ಕೆ ಸರಿಯಲು ಹಿಡಿಯುವ ಹೊತ್ತೇ ತಡ. ಹಾಗೆ ತಡವಾದ ದನಿ ಕಿವಿಗೆ ಬಿದ್ದಾಗ ಚೆನ್ನಾಗಿ ಮಾತನಾಡುವವರೂ ಉಗ್ಗುವವರ ಹಾಗೆ ಆದರು. ಲೀ ಅದನ್ನು ಕೃತಕ ಉಗ್ಗು ಎಂದು ಕರೆದರು. ದೊಡ್ಡವರಿಗೆ ಅತಿ ಜಾಸ್ತಿ ಕಾಟ ಕೊಡುವ ತಡ ಸುಮಾರು 200 ಮಿಲಿಸೆಕೆಂಡ್ ಎಂದು ಮುಂದಿನ ಪ್ರಯೋಗಗಳಿಂದ ಗೊತ್ತಾಯಿತು. ಮಾತಿನ ಓಟದಲ್ಲಿ ಒಂದು ಅಕ್ಷರ ಹೇಳಲು ಬೇಕಾಗುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಈ ಪರಿಣಾಮ ಎಷ್ಟು ನಂಬಿಕಸ್ತ ಎಂದರೆ, ಕಿವಿ ಕೇಳಿಸುವುದಿಲ್ಲ ಎಂದು ಸುಳ್ಳು ಹೇಳುವವರನ್ನು ಪತ್ತೆ ಮಾಡಲೂ ಇದನ್ನು ಬಳಸಿದ್ದಾರೆ. ನಿಜಕ್ಕೂ ಕೇಳಿಸದವರ ಓದು ಕೆಡಬಾರದು, ಅಲ್ವಾ?

ಈಗ ನಿಮ್ಮ ‘ಯಾಕೆ’ಗೆ ಬರುತ್ತೇನೆ. ನಾವು ಮಾತನಾಡುತ್ತೇವೆ, ಕಿವಿ ಕೇಳಿಸಿಕೊಳ್ಳುತ್ತದೆ, ತಪ್ಪಿದ್ದರೆ ಮೆದುಳು ತಿದ್ದುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅಷ್ಟೇ ಆಗಿದ್ದರೆ ಮಾತು ಇಷ್ಟು ವೇಗವಾಗಿ ಓಡುತ್ತಲೇ ಇರಲಿಲ್ಲ. ಕಿವಿಗೆ ಬಿದ್ದ ಸದ್ದಿನಲ್ಲಿ ವ್ಯತ್ಯಾಸ ಗುರುತಿಸಿ, ಬಾಯಿಗೆ ಹೊಸ ಅಪ್ಪಣೆ ಹೋಗಿ, ಅದು ದನಿಯಲ್ಲಿ ಕಾಣಿಸಿಕೊಳ್ಳಲು ಸುಮಾರು 100ರಿಂದ 150 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಆ ಅಕ್ಷರ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಮೆದುಳು ಕಾಯುವುದಿಲ್ಲ. ಬಾಯಿಗೆ ಅಪ್ಪಣೆ ಕಳಿಸುವಾಗಲೇ ಅದರ ಒಂದು ನಕಲನ್ನು ಕೇಳಿಸಿಕೊಳ್ಳುವ ಭಾಗಕ್ಕೂ ಕಳಿಸುತ್ತದೆ. ಇಂಥ ದನಿ ಇಷ್ಟು ಹೊತ್ತಿಗೆ ಬರುತ್ತದೆ, ಅದು ನಮ್ಮದೇ, ತಲೆ ಕೆಡಿಸಿಕೊಳ್ಳಬೇಡ ಎಂದು ಮೊದಲೇ ಹೇಳಿಟ್ಟಂತೆ. ಬಂದ ದನಿ ಹಾಗೆಯೇ ಇದ್ದರೆ ಸರಿ. ಬೇರೆ ಇದ್ದರೆ ಮಾತ್ರ ಎಚ್ಚರ.

ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲವಲ್ಲ, ಅದಕ್ಕೂ ಇದೇ ಕಾರಣ. 1990ರ ದಶಕದ ಕೊನೆಯಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಜನ ಎಡಗೈಯಿಂದ ರೋಬೊ ಒಂದನ್ನು ನಡೆಸಿ ತಮ್ಮದೇ ಬಲ ಅಂಗೈಯನ್ನು ಸವರಿಕೊಳ್ಳಬೇಕು. ಕೈ ಆಡಿಸಿದ್ದಕ್ಕೂ ಅಂಗೈಗೆ ತಾಗಿದ್ದಕ್ಕೂ ನಡುವೆ ತಡ ಜಾಸ್ತಿಯಾಗುತ್ತಾ ಹೋದಂತೆ ಕಚಗುಳಿಯೂ ಜಾಸ್ತಿಯಾಯಿತು. ಹೊತ್ತು ತಪ್ಪಿದರೆ ನಮ್ಮದೇ ಕೈ ಬೇರೆಯವರ ಕೈಯಂತೆ ಆಗುತ್ತದೆ. ಫೋನಿನಲ್ಲಿ ವಾಪಸ್ ಬಂದ ನಿಮ್ಮ ದನಿಯ ಕಥೆಯೂ ಇದೇ.

ಮೆದುಳಿನಲ್ಲಿ ಇದನ್ನು ಅಳೆದು ನೋಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾನ್ ಹೌಡ್, ಶ್ರೀಕಾಂತನ್ ನಾಗರಾಜನ್ ಮತ್ತಿತರರು 2002ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟ. ಒಬ್ಬರು ಮಾತನಾಡುವಾಗ ಅವರ ಮೆದುಳಿನ ಕೇಳುವ ಭಾಗ ಎಷ್ಟು ಸ್ಪಂದಿಸುತ್ತದೆ ಎಂದು ಮೊದಲು ಅಳೆದರು. ಆಮೇಲೆ ಅದೇ ಮಾತನ್ನು ಮುದ್ರಿಸಿ ಅವರಿಗೇ ಕೇಳಿಸಿದರು. ದನಿ ಒಂದೇ, ಕಿವಿ ಒಂದೇ. ಆದರೂ ಮಾತನಾಡುವಾಗ ಸ್ಪಂದನೆ ಕಡಿಮೆ, ಸುಮ್ನೆ ಕೂತು ಕೇಳುವಾಗ ಜಾಸ್ತಿ. ಮಾತನಾಡುವಾಗಲೇ ಕಿವಿಗೆ ಬೇರೆ ಥರದ ಸದ್ದು ಕೊಟ್ಟರೆ ಆ ತಗ್ಗುವಿಕೆ ಹೋಗಿಬಿಟ್ಟಿತು. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳಲ್ಲಿ ಸ್ಟೀವನ್ ಎಲಿಯಾಡ್ಸ್ ಮತ್ತು ಶಿಯಾವ್‌ಚಿನ್ ವಾಂಗ್ ಒಂದೊಂದೇ ನರಕೋಶವನ್ನು ಆಲಿಸಿದರು. ಕೂಗು ಬಾಯಿಂದ ಹೊರಡುವುದಕ್ಕೂ ಮುಂಚೆಯೇ ಕೇಳುವ ಭಾಗದ ಎಷ್ಟೋ ಕೋಶಗಳು ಸುಮ್ಮನಾಗುತ್ತಿದ್ದವು. ಮುಂಚೆಯೇ! ಇನ್ನೂ ಕೇಳಲು ಏನೂ ಇಲ್ಲದ ಹೊತ್ತಿನಲ್ಲಿ. ಕೂಗುವಾಗ ದನಿಯನ್ನು ಬದಲಿಸಿ ಕೇಳಿಸಿದರೆ, ಹೀಗೆ ಸುಮ್ಮನಾದ ಕೋಶಗಳೇ ಬದಲಾವಣೆಯನ್ನು ಹೆಚ್ಚು ಚುರುಕಾಗಿ ಹಿಡಿದವು. ಅವು ನಿದ್ದೆ ಮಾಡುತ್ತಿರಲಿಲ್ಲ, ಕಾವಲು ಕಾಯುತ್ತಿದ್ದವು.

ವ್ಯತ್ಯಾಸ ಕಂಡರೆ ಮೆದುಳು ಏನು ಮಾಡುತ್ತದೆ? ತಿದ್ದುತ್ತದೆ, ಅದೂ ನಮಗೆ ಹೇಳದೆ. ‘ಆ’ ಎಂದು ಒಂದೇ ಶ್ರುತಿಯಲ್ಲಿ ಎಳೆಯಿರಿ ಎಂದು ಹೇಳಿ, ಹೆಡ್‌ಫೋನಿನಲ್ಲಿ ಆ ದನಿಯ ಶ್ರುತಿಯನ್ನು ತಟಕ್ಕನೆ ಸ್ವಲ್ಪ ಏರಿಸಿದರೆ, ಹೆಚ್ಚಿನವರ ಗಂಟಲು ತಾನಾಗಿಯೇ ಕೆಳಗಿಳಿಯುತ್ತದೆ. ಇಳಿಸಿದರೆ ಏರುತ್ತದೆ. ಪೂರ್ತಿಯಾಗಿ ಅಲ್ಲ, ಒಂದಷ್ಟು ಮಾತ್ರ. ಅಮೆರಿಕದ ಚಾರ್ಲ್ಸ್ ಲಾರ್ಸನ್ ಮತ್ತು ಜೊತೆಗಾರರು 1990ರ ದಶಕದಿಂದ ಇದನ್ನು ವಿವರವಾಗಿ ಅಳೆದಿದ್ದಾರೆ.

ಸ್ವರಗಳನ್ನೇ ಬದಲಿಸಿದ್ದು ಜಾನ್ ಹೌಡ್ ಮತ್ತು ಮೈಕೆಲ್ ಜೋರ್ಡನ್, 1998ರಲ್ಲಿ. ‘ಎ’ಕಾರ ಇರುವ ಸಣ್ಣ ಸಣ್ಣ ಇಂಗ್ಲಿಷ್ ಪದಗಳನ್ನು ಪಿಸುಮಾತಿನಲ್ಲಿ ಹೇಳಿಸಿದರು. ಪಿಸುಮಾತೇ ಯಾಕೆಂದರೆ, ದನಿ ತೆಗೆದು ಮಾತನಾಡಿದರೆ ಅದು ತಲೆಬುರುಡೆಯ ಮೂಳೆಯ ಮೂಲಕವೂ ಒಳಗಿವಿಗೆ ತಲುಪಿ ಮೋಸ ಬಯಲಾಗುತ್ತದೆ. ಕಂಪ್ಯೂಟರ್ ಆ ‘ಎ’ಯನ್ನು ಸ್ವಲ್ಪ ಸ್ವಲ್ಪವೇ ‘ಇ’ ಕಡೆಗೆ ಸರಿಸುತ್ತಾ ಕೇಳಿಸಿತು. ಹೇಳುವವರು ಅವರಿಗೇ ತಿಳಿಯದಂತೆ ‘ಆ’ ಕಡೆಗೆ ಸರಿಯುತ್ತಾ ಹೋದರು. ಕೊನೆಗೆ ಕಿವಿಗೆ ಬರೀ ಗದ್ದಲ ತುಂಬಿ ಏನೂ ಕೇಳಿಸದಂತೆ ಮಾಡಿದಾಗಲೂ ಆ ಬದಲಾವಣೆ ಒಂದಷ್ಟು ಉಳಿದಿತ್ತು. ಅಂದರೆ ಮೆದುಳು ಆ ಹೊತ್ತಿಗಷ್ಟೇ ತಿದ್ದಿ ಸುಮ್ಮನಾಗುವುದಿಲ್ಲ. ಮುಂದಿನ ಸಲಕ್ಕೆ ಬಾಯಿಗೆ ಕೊಡುವ ಅಪ್ಪಣೆಯನ್ನೇ ಬದಲಿಸಿಟ್ಟುಕೊಳ್ಳುತ್ತದೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ದೊಡ್ಡವರಾದ ಮೇಲೆ ನಮ್ಮ ಉಚ್ಚಾರಣೆ ಕೆಡದೆ ನಿಂತಿರುವುದರಲ್ಲಿ ಈ ಸದ್ದಿಲ್ಲದ ತಿದ್ದುಪಡಿಯ ಪಾಲು ದೊಡ್ಡದು. ದೊಡ್ಡವರಾದ ಮೇಲೆ ಶ್ರವಣಶಕ್ತಿ ಕಳೆದುಕೊಂಡವರನ್ನು ನೋಡಿದರೆ ಇದು ಅರ್ಥವಾಗುತ್ತದೆ. ಅವರ ಮಾತು ವರ್ಷಗಳವರೆಗೂ ಅರ್ಥವಾಗುವಂತೆಯೇ ಇರುತ್ತದೆ, ಯಾಕೆಂದರೆ ಅಪ್ಪಣೆಗಳು ಒಳಗೆ ಗಟ್ಟಿಯಾಗಿ ಕೂತಿವೆ. ಮೊದಲು ಹಿಡಿತ ತಪ್ಪುವುದು ದನಿಯ ಜೋರು ಮತ್ತು ಶ್ರುತಿ. ಸ್ವರ ವ್ಯಂಜನಗಳು ನಿಧಾನವಾಗಿ ಸವೆಯುತ್ತವೆ.

ಎರಡು ವರ್ಷದ ಆಸುಪಾಸಿನ ಮಕ್ಕಳು ಮಾತ್ರ ಹೀಗೆ ತಿದ್ದಿಕೊಳ್ಳುವುದಿಲ್ಲ ಎಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನಾಲ್ಕು ವರ್ಷದವರು ದೊಡ್ಡವರಂತೆಯೇ ತಿದ್ದಿಕೊಂಡರು. ಹಕ್ಕಿಗಳಲ್ಲೂ ಇದು ಇದೆ. 2009ರಲ್ಲಿ ಸ್ಯಾಮ್ಯುಯೆಲ್ ಸೋಬರ್ ಮತ್ತು ಮೈಕೆಲ್ ಬ್ರೇನಾರ್ಡ್ ಬೆಂಗಾಲೀಸ್ ಫಿಂಚ್ ಹಕ್ಕಿಗಳಿಗೆ ಪುಟಾಣಿ ಹೆಡ್‌ಫೋನ್ ತೊಡಿಸಿ ಅವುಗಳ ಹಾಡಿನ ಶ್ರುತಿ ಬದಲಿಸಿದರು. ಅವೂ ದಿನ ಕಳೆದಂತೆ ಎದುರು ದಿಕ್ಕಿಗೆ ತಿದ್ದಿಕೊಂಡವು.

ಇಷ್ಟು ಚೆನ್ನಾಗಿ ತಿದ್ದಿಕೊಳ್ಳುವ ಮೆದುಳು ತಡದ ಮುಂದೆ ಯಾಕೆ ಸೋಲುತ್ತದೆ? ನನಗೆ ಅನ್ನಿಸುವುದು ಹೀಗೆ. ಶ್ರುತಿ ಏರಿದರೆ ಇಳಿಸಬಹುದು. ‘ಎ’ ಹೋಗಿ ‘ಇ’ ಆದರೆ ಬಾಯಿ ಸ್ವಲ್ಪ ಜಾಸ್ತಿ ತೆರೆಯಬಹುದು. ಆ ತಪ್ಪುಗಳಿಗೆ ಒಂದು ದಿಕ್ಕಿದೆ, ಅದರ ಎದುರು ದಿಕ್ಕೂ ಇದೆ. ತಡಕ್ಕೆ ಎದುರು ದಿಕ್ಕು ಯಾವುದು? ಬೇಗ ಹೇಳಿದರೂ ಅಷ್ಟೇ ತಡ, ನಿಧಾನ ಹೇಳಿದರೂ ಅಷ್ಟೇ. ಈಗಿನ ಅಕ್ಷರ ಹೇಳುವಾಗ ಹಿಂದಿನ ಅಕ್ಷರ ಬಂದು ಬೀಳುತ್ತಲೇ ಇರುತ್ತದೆ. ಮೆದುಳು ಇನ್ನೂ ಆ ಅಕ್ಷರ ಮುಗಿದಿಲ್ಲವೇನೋ ಎಂಬಂತೆ ಎಳೆಯುತ್ತದೆ. ಇಲ್ಲಿ ಕೆಡುವುದು ಅರ್ಥವಲ್ಲ, ತಾಳ. ಲಂಡನ್ನಿನ ಪೀಟರ್ ಹೋವೆಲ್ 1980ರ ದಶಕದಲ್ಲಿ ತಡವಾದ ಮಾತಿನ ಬದಲು ಅದೇ ಏರಿಳಿತದ ಬರೀ ಸದ್ದನ್ನು ಕೇಳಿಸಿ ನೋಡಿದರು. ತೊಂದರೆ ಅಷ್ಟೇ ಇತ್ತು. ಕೀಬೋರ್ಡ್ ನುಡಿಸುವವರಿಗೂ ಸದ್ದು ತಡವಾದರೆ ಬೆರಳು ತಪ್ಪುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿ ನುಡಿಸಲು ಹೋದವರಿಗೆ ಇದು ಗೊತ್ತಿರುತ್ತದೆ.

ಇನ್ನು ನಿಮ್ಮ ಯಜಮಾನರ ವಿಷಯ. ಮಾತನಾಡುವಾಗ ನಾವು ಕಿವಿಯನ್ನಷ್ಟೇ ನಂಬಿರುವುದಿಲ್ಲ. ನಾಲಿಗೆ ಎಲ್ಲಿ ತಾಗಿತು, ದವಡೆ ಎಷ್ಟು ತೆರೆಯಿತು ಎಂಬ ಸ್ಪರ್ಶವೂ ಮೆದುಳಿಗೆ ಹೋಗುತ್ತದೆ. ಡೇವಿಡ್ ಓಸ್ಟ್ರಿ ಮತ್ತು ಸಂಗಡಿಗರು ಒಂದೇ ಸಲ ದನಿಯನ್ನೂ ಬದಲಿಸಿ, ದವಡೆಯನ್ನೂ ರೋಬೊದಿಂದ ಸ್ವಲ್ಪ ಎಳೆದು ನೋಡಿದರು. ಕೆಲವರು ದನಿಯನ್ನು ಸರಿಮಾಡಿಕೊಂಡರು, ಕೆಲವರು ದವಡೆಯನ್ನು. ಒಂದನ್ನು ಜಾಸ್ತಿ ತಿದ್ದಿದವರು ಇನ್ನೊಂದನ್ನು ಕಡಿಮೆ ತಿದ್ದಿದರು. ನೀವು ಕಿವಿಯನ್ನು ಜಾಸ್ತಿ ನಂಬುವವರು, ಅವರು ಬಾಯಿಯ ಸ್ಪರ್ಶವನ್ನು ಜಾಸ್ತಿ ನಂಬುವವರು ಇರಬಹುದು. ಎರಡೂ ಆರೋಗ್ಯವೇ.

ಅಭ್ಯಾಸದಿಂದ ಇದನ್ನು ಗೆಲ್ಲಬಹುದೇ? ಸ್ವಲ್ಪ ಮಟ್ಟಿಗೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಜೀನ್ ಮೇರಿ ಸರಾಟೆ ಮತ್ತು ರಾಬರ್ಟ್ ಸಟೋರೆ ಪಳಗಿದ ಗಾಯಕರನ್ನು ಪರೀಕ್ಷಿಸಿದರು. ಕೇಳುವ ಶ್ರುತಿಯನ್ನು 200 ಸೆಂಟ್‌ನಷ್ಟು, ಅಂದರೆ ನಮ್ಮ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಇರುವಷ್ಟು, ಬದಲಿಸಿದಾಗ ಗಾಯಕರು ಅದನ್ನು ಬದಿಗಿಟ್ಟು ತಮ್ಮ ಸ್ವರ ಹಿಡಿದು ನಿಂತರು. ಹಾಡಿ ಅಭ್ಯಾಸವಿಲ್ಲದವರಿಗೆ ಅಷ್ಟು ಸಾಧ್ಯವಾಗಲಿಲ್ಲ. ಆದರೆ ಅದರ ಎಂಟನೇ ಒಂದು ಭಾಗದಷ್ಟು, 25 ಸೆಂಟ್ ಮಾತ್ರ ಸರಿಸಿದಾಗ ಗಾಯಕರ ಗಂಟಲೂ ತಾನಾಗಿ ಬದಲಾಯಿತು. ದೊಡ್ಡ ವ್ಯತ್ಯಾಸವನ್ನು ಅಲಕ್ಷಿಸಲು ಕಲಿಯಬಹುದು. ಸಣ್ಣದು ನಮ್ಮ ಇಚ್ಛೆಯ ಕೈಗೆ ಸಿಗುವ ಮೊದಲೇ ತಿದ್ದಿಹೋಗಿರುತ್ತದೆ.

ಉಗ್ಗಿನ ಭಯದ ಬಗ್ಗೆ ನೇರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಕೆಲಸವೇ ಅದು. ಪ್ರತಿಧ್ವನಿಯಿಂದ ಉಗ್ಗು ಹುಟ್ಟುವುದಿಲ್ಲ. ಅಷ್ಟೇ ಅಲ್ಲ, ನಿಜವಾಗಿ ಉಗ್ಗುವ ಎಷ್ಟೋ ಜನರಿಗೆ ತಡವಾದ ದನಿ ಕೇಳಿಸಿದರೆ ಮಾತು ಸರಾಗವಾಗುತ್ತದೆ! ಇನ್ನೊಬ್ಬರ ಜೊತೆ ಒಟ್ಟಿಗೆ ಓದಿದರೂ ಹಾಗೆಯೇ. ಈ ಗುಣ ಹಿಡಿದು ಕಿವಿಯಲ್ಲಿ ಇಟ್ಟುಕೊಳ್ಳುವ ಉಪಕರಣಗಳೂ ಬಂದಿವೆ. ಅವುಗಳ ಬಗ್ಗೆ ನನ್ನ ಅಭಿಪ್ರಾಯ ಎಚ್ಚರದ್ದು. ಕೆಲವರಿಗೆ ಸಹಾಯವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಶುರುವಿನ ಲಾಭ ಕರಗುತ್ತದೆ. ದೊಡ್ಡ ಹಣ ಕೊಟ್ಟು ಕೊಳ್ಳುವ ಮೊದಲು ಥೆರಪಿಸ್ಟ್ ಎದುರು ಬಳಸಿ ನೋಡಲೇಬೇಕು. ನಿಮ್ಮ ಪರಿಚಯದಲ್ಲಿ ಉಗ್ಗುವ ಮಕ್ಕಳಿದ್ದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಎರಡೂ ಸಿಗುತ್ತವೆ.

ಕೊನೆಗೆ ಫೋನು. ಉಪಗ್ರಹದ ಮೂಲಕ ಕರೆಗಳು ಶುರುವಾದಾಗ ಇದು ದೊಡ್ಡ ತಲೆನೋವಾಗಿತ್ತು. ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್, ಆ ಕಡೆಯಿಂದ ನಿಮ್ಮ ದನಿ ವಾಪಸ್ ಬರಲು ಇನ್ನೂ ಕಾಲು ಸೆಕೆಂಡ್. ವಾಪಸ್ ಬರುವ ದನಿಯನ್ನು ಲೆಕ್ಕ ಹಾಕಿ ಕಳೆದುಹಾಕುವ ವಿಧಾನವನ್ನು 1960ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರಲ್ಲಿ ಒಬ್ಬರು ಮನಮೋಹನ್ ಸೋಂಧಿ. ಅವರು ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಓದಿದವರು. ಈಗ ಎಲ್ಲ ಫೋನುಗಳಲ್ಲೂ ಆ ಬಗೆಯ ಲೆಕ್ಕ ನಡೆಯುತ್ತಿರುತ್ತದೆ. ಅದು ತಪ್ಪಿದಾಗ ನಿಮಗೆ ನಿಮ್ಮ ದನಿ ಕೇಳಿಸುತ್ತದೆ.

ಆಗ ನಿಮ್ಮ ಫೋನು ಬದಲಿಸಿ ಪ್ರಯೋಜನವಿಲ್ಲ. ಸಾಮಾನ್ಯವಾಗಿ ತೊಂದರೆ ಇರುವುದು ಮಗಳ ಕಡೆ. ಅವರ ಸ್ಪೀಕರಿನಿಂದ ಹೊರಟ ನಿಮ್ಮ ದನಿ ಅವರ ಮೈಕಿಗೇ ನುಗ್ಗುತ್ತಿರುತ್ತದೆ. ಅವರಿಗೆ ಇಯರ್‌ಫೋನ್ ಹಾಕಿಕೊಳ್ಳಲು ಹೇಳಿ, ಇಲ್ಲವೇ ಸ್ಪೀಕರ್ ಸದ್ದು ಕಡಿಮೆ ಮಾಡಲು ಹೇಳಿ. ತಕ್ಷಣಕ್ಕೆ ಮಾತು ಮುಗಿಸಲೇಬೇಕಿದ್ದರೆ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಮಾತನಾಡಿ, ಅವರು ಉತ್ತರಿಸುವಾಗ ಹತ್ತಿರ ತನ್ನಿ. ಪ್ರತಿಧ್ವನಿ ಇಲ್ಲದಾಗಲೂ, ಎದುರೆದುರು ಕೂತು ಮಾತನಾಡುವಾಗಲೂ ಇದ್ದಕ್ಕಿದ್ದಂತೆ ಮಾತು ತಡವರಿಸತೊಡಗಿದರೆ ಅದು ಬೇರೆ ವಿಷಯ. ಆಗ ಕಾಯದೆ ಆಸ್ಪತ್ರೆಗೆ ಹೋಗಿ.