ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚು, ಒಂದು ಕೌದಿ

ಅವರ ಒಪ್ಪಿಗೆ ತಗೊಂಡೇ ಇದನ್ನ ಬರೀತಾ ಇದೀನಿ. ಹೆಸರು, ವಯಸ್ಸು, ಮನೆ ಕಡೆಯ ಕೆಲವು ವಿವರ ಬದಲಾಯಿಸಿದೀನಿ, ಇಲ್ಲಿ ಶಾಂತಕ್ಕ ಅಂತ ಕರೀತೀನಿ. ನಾನು ಮನಸ್ಸಿನ ಕಷ್ಟಕ್ಕೆ ಬರೋರ ಜೊತೆ ಮಾತಾಡೋ ಸಮಾಲೋಚಕಿ, ಮೂಲ ಹಾಸನ ಕಡೆಯವಳು, ಧಾರವಾಡಕ್ಕೆ ಬಂದು ಹನ್ನೆರಡು ವರ್ಷ ಆಯ್ತು, ಇಲ್ಲಿನ ಮಾತು ಪೂರ್ತಿ ನನ್ನ ಬಾಯಿಗೆ ಬಂದಿಲ್ಲ, ಆದ್ರೆ ಅವರ ಮಾತನ್ನ ಅವರು ಆಡಿದ ಹಾಗೇ ಇಡೋಕೆ ಪ್ರಯತ್ನ ಪಟ್ಟಿದೀನಿ.

ಶಾಂತಕ್ಕನ್ನ ಕರ್ಕೊಂಡು ಬಂದಿದ್ದು ಅವರ ಮಗಳು, ಪಿಯುಸಿ ಎರಡನೇ ವರ್ಷದ ಹುಡುಗಿ. ಅಮ್ಮ ಹೊರಗೆ ಚಪ್ಪಲಿ ಬಿಡ್ತಾ ಇದ್ದಾಗ ಒಳಗೆ ಬಂದು ಗಡಿಬಿಡಿಲಿ ಹೇಳಿದ್ಳು, "ಮೇಡಂ, ನಮ್ಮವ್ವ ಸಿಟ್ಟು ಮಾಡಿದ್ರೂ ಚಲೋ ಇತ್ರಿ. ಈಗ ಸಿಟ್ಟೂ ಮಾಡಂಗಿಲ್ಲ, ನಗಂಗೂ ಇಲ್ಲ. ಸುಮ್ಕ ಕೆಲಸ ಮಾಡ್ಕೋತ ಇರ್ತಾಳ."

ಗಂಡನಿಗೆ ಎರಡೂ ಕಿಡ್ನಿ ಹೋಗಿದೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಕು ತಾಸು, ಹೋಗೋದು ಬರೋದು ಕಾಯೋದು ಸೇರಿದ್ರೆ ದಿನಾನೇ ಮುಗಿಯುತ್ತೆ. ಮಗ ಬೆಂಗಳೂರಲ್ಲಿ ಕೆಲಸಕ್ಕಿದಾನೆ, ಹೊಸ ಕೆಲಸ, ರಜೆ ಕಡಿಮೆ. ಮನೇಲಿ ಅಡುಗೆ ಅಂದ್ರೆ ಈಗ ಬೇರೆ ಲೆಕ್ಕ, ಉಪ್ಪು ಕಡಿಮೆ, ಎಳನೀರು ಬಾಳೆಹಣ್ಣು ಬಂದ್, ತರಕಾರಿ ಹೆಚ್ಚಿ ನೀರಲ್ಲಿ ನೆನೆಹಾಕಿ ಆ ನೀರು ಚೆಲ್ಲಿ ಆಮೇಲೆ ಬೇಯಿಸಬೇಕು, ಪೊಟ್ಯಾಸಿಯಂ ಇಳೀಲಿ ಅಂತ. ಕುಡಿಯೋ ನೀರು ಕೂಡ ಅಳತೆ. ಇಷ್ಟೆಲ್ಲ ಹೇಳುವಾಗ ಅವರ ದನಿ ಏರೂ ಇಲ್ಲ ಇಳಿಯೂ ಇಲ್ಲ. ನೀರಿನ ವಿಷಯ ಬಂದಾಗ ಮಾತ್ರ ನಿಂತ್ರು.

"ರಾತ್ರಿ ಅವ್ರು ನೀರ್ ಕೇಳ್ತಾರ್ರಿ ಮೇಡಂ. ಸಣ್ಣ ಹುಡುಗ್ರ ಗತೆ ಕೇಳ್ತಾರ. ನಾ ಆತ್ರಿ ಇವತ್ತಿಂದು ಮುಗೀತು ಅಂತ ಹೇಳಿ ತಂಬಗಿ ತಗದ್ ಒಳಗ ಇಡ್ತೀನಿ. ಗಂಡಗ ನೀರ್ ಇಲ್ಲ ಅನ್ನೂ ಹೆಂಡ್ತಿ ಆಗೀನ್ರಿ ನಾನು."

ನಾನು ಏನೂ ಹೇಳ್ಲಿಲ್ಲ, ಹೇಳೋಕೆ ಏನೂ ಇರ್ಲಿಲ್ಲ, ಸ್ವಲ್ಪ ಹೊತ್ತು ಇಬ್ರೂ ಸುಮ್ನೆ ಕೂತಿದ್ವಿ.

ಆಮೇಲೆ ಪಿಎಚ್‌ಕ್ಯೂ-9 ಅಂತ ನಾವು ಕೇಳೋ ಒಂಬತ್ತು ಪ್ರಶ್ನೆ ಕೇಳಿದೆ, ಹಿಂದಿನ ಎರಡು ವಾರದಲ್ಲಿ ನಿದ್ದೆ ಹೆಂಗಿತ್ತು, ಊಟ ಸೇರ್ತಾ, ಯಾವುದರಲ್ಲಾದ್ರೂ ಆಸಕ್ತಿ ಇತ್ತಾ, ಆ ಥರದ್ದು. 27ಕ್ಕೆ 14 ಬಂತು, ಅಂದ್ರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಒಂಬತ್ತನೇ ಪ್ರಶ್ನೆ ಸಾಯೋ ಯೋಚನೆ ಬಗ್ಗೆ. "ನಾ ಸತ್ರ ಇವ್ರನ್ನ ಯಾರ್ ಕರ್ಕೊಂಡ್ ಹೋಗ್ತಾರ್ರಿ ಡಯಾಲಿಸಿಸ್‌ಗೆ" ಅಂದ್ರು. ಅದು ಉತ್ತರ ಅಲ್ಲ ಅಂತ ಗೊತ್ತಿದ್ದು ನಾನು ಬಿಡಿಸಿ ಮತ್ತೆ ಕೇಳಿದೆ. ಅಂಥ ಯೋಚನೆ ಇರ್ಲಿಲ್ಲ, ದಣಿವು ಇತ್ತು. ಥೈರಾಯ್ಡ್ ಮತ್ತೆ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ ಅಂದೆ, ಯಾಕಂದ್ರೆ ಇಂಥ ಸುಸ್ತಿಗೆ ಮನಸ್ಸೊಂದೇ ಕಾರಣ ಅಂತ ಮೊದಲೇ ತೀರ್ಮಾನ ಮಾಡ್ಬಾರ್ದು. ಹಿಮೋಗ್ಲೋಬಿನ್ ಕಡಿಮೆ ಇತ್ತು, ಅವರ ಡಾಕ್ಟ್ರು ಅದಕ್ಕೆ ಮಾತ್ರೆ ಶುರು ಮಾಡಿದ್ರು.

ಎರಡನೇ ಭೇಟೀಲಿ ನಾನೊಂದು ತಪ್ಪು ಮಾಡ್ದೆ. ದಿನಕ್ಕೆ ಅರ್ಧ ಗಂಟೆ ನಿಮಗೋಸ್ಕರ ಅಂತ ಇಟ್ಕೊಳ್ಳಿ ಶಾಂತಕ್ಕ, ವಾಕಿಂಗ್ ಹೋಗಿ, ಹಾಡು ಕೇಳಿ ಅಂದೆ. ಅವರು ನನ್ನ ಮುಖ ನೋಡಿ ಮೆಲ್ಲಗೆ "ಆ ಅರ್ಧ ತಾಸು ನೀವ ತಂದ್ ಕೊಡ್ರಿ ಮೇಡಂ" ಅಂದ್ರು. ನೋವಾಯ್ತು, ಆದ್ರೆ ಅವರು ಹೇಳಿದ್ದೇ ಸರಿ. ಆರೈಕೆ ಮಾಡೋರಿಗೆ ನಿಮಗೆ ಟೈಮ್ ಕೊಟ್ಕೊಳ್ಳಿ ಅನ್ನೋದು ಹೊಸದಾಗಿ ಇನ್ನೊಂದು ಕೆಲಸ ಹೇರಿದಂಗೆ. ನಮ್ಮ ಕಡೆಯಿಂದ ಈ ಮಾತು ತುಂಬಾ ಸುಲಭವಾಗಿ ಬಂದ್ಬಿಡುತ್ತೆ.

ಮೂರನೇ ಸಲ ಬಂದಾಗ ಮಾತಾಡ್ತಾ ಆಡ್ತಾ ಅವರ ಕೈ ನನ್ನ ಕುರ್ಚಿಯ ದಿಂಬಿನ ಮೇಲೇ ಓಡಾಡ್ತಾ ಇತ್ತು, ಆ ದಿಂಬಿನ ಕವರಿನ ಒಂದು ಹೊಲಿಗೆ ಬಿಟ್ಟಿತ್ತು, ತಿಂಗಳಿಂದ ನಾನು ನೋಡಿ ನೋಡಿ ಬಿಟ್ಟಿದ್ದು. "ಸೂಜಿ ದಾರ ಐತೇನ್ರಿ?" ಅಂತ ಕೇಳಿದ್ರು. ಡ್ರಾಯರಲ್ಲಿ ಒಂದು ಸೂಜಿ ಸಿಕ್ತು, ಬಿಳಿ ದಾರ ಇತ್ತು, ಕವರ್ ಮಾತ್ರ ಕಂದು ಬಣ್ಣದ್ದು. ಇರ್ಲಿ ಬಿಡ್ರಿ ಅಂತ ದಾರದ ತುದಿ ನಾಲಿಗೆಗೆ ಒತ್ತಿ, ಕಣ್ಣು ಸಣ್ಣ ಮಾಡಿ, ಒಂದೇ ಸಲಕ್ಕೆ ಪೋಣಿಸಿದ್ರು. ಮೇಲೆ ಕೆಳಗೆ ಮೇಲೆ ಕೆಳಗೆ, ಸೂಜಿ ಮೇಲೇ ನಾಕೈದು ಹೊಲಿಗೆ ತಗೊಂಡು ಒಮ್ಮೆಲೇ ಎಳೆಯೋದು, ಎಳೆದ ಮೇಲೆ ಹೆಬ್ಬೆರಳಿಂದ ಸವರಿ ಸುಕ್ಕು ಬಿಡಿಸೋದು. ಆ ಐದು ನಿಮಿಷ ಅವರ ಭುಜ ಕಿವಿಯಿಂದ ಕೆಳಗೆ ಇಳಿದಿತ್ತು. ಮೂರು ಭೇಟೀಲಿ ಮೊದಲ ಸಲ ನಾನದನ್ನ ನೋಡಿದ್ದು. ಎಲ್ಲಿ ಕಲಿತ್ರಿ ಅಂದೆ.

ಅಷ್ಟು ಸಾಕಾಯ್ತು, ಅರ್ಧ ಗಂಟೆ ನಿಲ್ಲದೆ ಮಾತಾಡಿದ್ರು. ಅವರ ಅತ್ತೆ ಕೌದಿ, ಅಂದ್ರೆ ಹಳೇ ಬಟ್ಟೆಯ ಹೊದಿಕೆ, ಹೊಲೀತಿದ್ರಂತೆ. ಹಳೇ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲಾ ಹರಿದು, ಒಳಗೆ ಹಳೇ ಬಟ್ಟೆ ಪದರ ಪದರ ಹಾಸಿ, ಮೇಲೆ ತ್ಯಾಪಿ (ತೇಪೆ ತುಂಡು) ಕೂಡ್ಸಿ, ಅಂಚಿಂದ ಶುರು ಮಾಡಿ ಸುತ್ತು ಸುತ್ತು ಹೊಲ್ಕೊಂಡು ನಡು ಮುಟ್ಟೋದು. ನಾಕು ಹೆಂಗಸರು ನಾಕು ಮೂಲೆಗೆ ಕೂತ್ರೆ ಬೇಗ ಆಗುತ್ತಂತೆ, ಆಗ ಹಾಡೂ ಬರ್ತಿತ್ತಂತೆ, ಊರ ಸುದ್ದೀನೂ ಬರ್ತಿತ್ತಂತೆ. ಅತ್ತೆ ತೀರ್ಕೊಂಡ ಮೇಲೆ ಅವರ ಇಳಕಲ್ ಸೀರೆಗಳು ಟ್ರಂಕಲ್ಲೇ ಇವೆ. "ಸೆರಗು ಕೆಂಪಂದ್ರ ಕೆಂಪ್ರಿ, ಇನ್ನೂ ಬಣ್ಣ ಹೋಗಿಲ್ಲ. ಮೈ ಅಷ್ಟ ಪಿಸದೈತಿ." ಹಂಗಿದ್ರೆ ಯಾಕೆ ಹೊಲೀಬಾರ್ದು ಅಂದೆ. ಮುಖ ಮತ್ತೆ ಮುಚ್ಕೊಂಡಂಗೆ ಆಯ್ತು.

"ಗಂಡ ಹಂಗ ಮಲಗ್ಯಾನ, ನಾ ಬಣ್ಣಬಣ್ಣದ ಅರಬಿ ಹರವ್ಕೊಂಡು ಕುಂತ್ರ ಮಂದಿ ಏನಂದಾರು."

ಕೇಸಿನ ಗಂಟು ಇಲ್ಲಿತ್ತು ಅಂತ ನನಗೆ ಆಗ ಅನ್ನಿಸ್ತು, ಇವತ್ತಿಗೂ ಹಂಗೇ ಅನ್ನಿಸುತ್ತೆ. ಟೈಮ್ ಇಲ್ಲ ಅನ್ನೋದು ನಿಜಾನೇ, ಆದ್ರೆ ಅದರ ಕೆಳಗೆ ಇನ್ನೊಂದಿತ್ತು. ಮನೇಲಿ ಒಬ್ರು ನರಳ್ತಾ ಇರುವಾಗ ನನಗೆ ಖುಷಿ ಆದ್ರೆ ಅದು ಅವರಿಗೆ ಮಾಡೋ ದ್ರೋಹ ಅನ್ನೋ ನಂಬಿಕೆ. ಇದು ಹೆಂಗಸರಲ್ಲಿ ನಾನು ಎಷ್ಟು ನೋಡ್ತೀನಿ ಅಂದ್ರೆ, ಕಷ್ಟ ಮುಗಿದ ಮೇಲೆ ನಗೋಣ ಅಂತ ಖುಷೀನ ಮುಂದಕ್ಕೆ ಹಾಕ್ತಾನೇ ಇರ್ತಾರೆ, ಮತ್ತೆ ಕೆಲವು ಕಷ್ಟ ಮುಗಿಯೋ ಥರದ್ದೇ ಅಲ್ಲ, ಡಯಾಲಿಸಿಸ್ ಅಂಥದ್ದು, ಕಿಡ್ನಿ ಕಸಿ ಆಗೋ ತನಕ ನಡೀತಾನೇ ಇರುತ್ತೆ. ನಾನು ಅವರಿಗೆ ಒಂದೇ ಪ್ರಶ್ನೆ ಕೇಳ್ದೆ: ನೀವು ನಗದೇ ಇದ್ದಿದ್ದಕ್ಕೆ ಈ ಎಂಟು ತಿಂಗಳಲ್ಲಿ ನಿಮ್ಮ ಮನೆಯವರಿಗೆ ಏನಾದ್ರೂ ಹಗುರ ಆಯ್ತಾ? ಬಹಳ ಹೊತ್ತು ಯೋಚನೆ ಮಾಡಿ, "ಇಲ್ರಿ, ಅವ್ರೂ ನಗೂದ್ ಬಿಟ್ರು" ಅಂದ್ರು.

ಅಲ್ಲಿಂದ ಕೆಲಸ ಶುರುವಾಯ್ತು. ನಮ್ಮ ವೃತ್ತೀಲಿ ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತಾರೆ, ಸರಳವಾಗಿ ಹೇಳೋದಾದ್ರೆ ಮನಸ್ಸು ಸರಿ ಆಗ್ಲಿ ಆಮೇಲೆ ಮಾಡೋಣ ಅಂತ ಕಾಯೋದಲ್ಲ, ಮೊದಲು ಕೈ ಶುರು ಮಾಡ್ಲಿ, ಮನಸ್ಸು ಹಿಂದಿಂದ ಬರುತ್ತೆ ಅನ್ನೋದು. ಹೊಸ ಟೈಮ್ ಹುಡುಕೋಕೆ ಹೋಗ್ಲಿಲ್ಲ. ವಾರಕ್ಕೆ ಮೂರು ದಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ ನಾಕು ತಾಸು ಇತ್ತಲ್ಲ, ಅಲ್ಲಿ ಅವರು ಬಾಗಿಲನ್ನೇ ನೋಡ್ತಾ ಕೂತಿರ್ತಿದ್ರು, ಮೊಬೈಲಲ್ಲಿ ಯಾರೋ ಕಳಿಸಿದ ಕಿಡ್ನಿಗೆ ಮನೆಮದ್ದು ಅನ್ನೋ ವಿಡಿಯೋ ನೋಡಿ ಇನ್ನೂ ಹೆದರ್ತಿದ್ರು. ದೊಡ್ಡ ಕೌದಿ ಅಲ್ಲಿ ಹರವೋಕೆ ಆಗಲ್ಲ, ಅದಕ್ಕೆ ತೊಟ್ಟಿಲ ಕೂಸಿನ ಅಳತೆದು ಒಂದು ಸಣ್ಣದು ಅಂತ ಮಾತಾಯ್ತು. ಕರಾರು ಇಷ್ಟೇ: ಇಪ್ಪತ್ತು ನಿಮಿಷ ಹೊಲಿದ್ರೆ ಸಾಕು, ಬೇಡ ಅನ್ನಿಸಿದ್ರೆ ಚೀಲದಿಂದ ತೆಗೀದೇ ಇದ್ರೂ ಪರವಾಗಿಲ್ಲ, ಆದ್ರೆ ಚೀಲ ಮಾತ್ರ ಜೊತೇಲಿ ಹೋಗ್ಬೇಕು. ಹೊಲಿಯೋಕೆ ಮುಂಚೆ ಮತ್ತೆ ಆದ ಮೇಲೆ ಮನಸ್ಸಿನ ಭಾರಕ್ಕೆ ಹತ್ತರಲ್ಲಿ ಎಷ್ಟು ಅಂತ ಒಂದು ಅಂಕಿ ಹಾಕ್ಬೇಕು. ಮೊದಲ ವಾರದ ಚೀಟೀಲಿ 8 ಇದ್ದಿದ್ದು 7, ಮತ್ತೆ 8 ಇದ್ದಿದ್ದು 6, ಮೂರನೇ ದಿನ 9 ಇದ್ದಿದ್ದು 9. ಆ ಮೂರನೇ ದಿನ ಗಂಡನಿಗೆ ಮಷಿನ್ ಮೇಲಿದ್ದಾಗಲೇ ಬಿಪಿ ಇಳಿದಿತ್ತಂತೆ, ಸೂಜಿ ಮುಟ್ಟೇ ಇಲ್ಲ. ಸರೀನೇ.

ಯಾರಿಗೆ ಈ ಕೌದಿ ಅಂತ ನಾನು ಕೇಳಿರ್ಲಿಲ್ಲ, ಅವರೇ ಕಂಡ್ಕೊಂಡ್ರು. ಡಯಾಲಿಸಿಸ್ ನಡೀವಾಗ ತುಂಬಾ ಜನಕ್ಕೆ ಚಳಿ ಆಗುತ್ತೆ, ರಕ್ತ ಮೈಯಿಂದ ಹೊರಗೆ ಹೋಗಿ ಮಷಿನ್ ಸುತ್ತಿ ಬರೋದು, ಜೊತೆಗೆ ಎಸಿ. ಗಂಡನ ಕಾಲಿಗೆ ಹೊದಿಸೋಕೆ ಆಗುತ್ತೆ ಅಂತ ಅಳತೆ ಸ್ವಲ್ಪ ದೊಡ್ಡದು ಮಾಡ್ಕೊಂಡ್ರು. ಅಲ್ಲಿನ ಸಿಸ್ಟರ್‌ನ ಕೇಳಿ ಅಂದೆ, ಕೇಳಿದ್ರು, ಪ್ರತಿ ಸಲ ಒಗೆದು ತನ್ನಿ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕೋಕೆ ರಕ್ತನಾಳ ಜೋಡಿಸಿದ ಜಾಗ) ಇರೋ ಕೈ ಮಾತ್ರ ಮುಚ್ಬೇಡಿ, ಅದು ನಮ್ಮ ಕಣ್ಣಿಗೆ ಕಾಣ್ತಾ ಇರ್ಬೇಕು ಅಂದ್ರಂತೆ. ಮಂದಿ ಏನಂತಾರೆ ಅನ್ನೋ ಮಾತು ಅದಾದ ಮೇಲೆ ನಾನು ಕೇಳ್ಲಿಲ್ಲ.

ದೇವರ ವಿಷಯ ಬರೀಲೇಬೇಕು, ಯಾಕಂದ್ರೆ ಅದು ಇವರ ಬದುಕಲ್ಲಿ ದೊಡ್ಡದು ಮತ್ತೆ ಅಲ್ಲೇ ದೊಡ್ಡ ಗಾಯಾನೂ ಇತ್ತು. ಹುಬ್ಬಳ್ಳಿ ಸಿದ್ಧಾರೂಢ ಮಠಕ್ಕೆ ಮೊದಲೆಲ್ಲ ತಪ್ಪದೆ ಹೋಗ್ತಿದ್ದವರು ಹೋಗೋದು ಬಿಟ್ಟಿದ್ರು, ಮನೇಲಿ ಪೂಜೆ ಮಗಳು ಮಾಡ್ತಿದ್ಳು. ಹತ್ತಿರದ ಸಂಬಂಧಿ ಒಬ್ರು ಹಾಸಿಗೆ ಪಕ್ಕ ನಿಂತೇ "ಹಿಂದಿನ ಜನ್ಮದ್ದು, ತೀರಿಸ್ಬೇಕು" ಅಂದಿದ್ರಂತೆ. ಕಾಯಿಲೆ ಇರೋ ಮನೆಗೆ ಹೋಗಿ ಈ ಮಾತು ಆಡೋರಿಗೆ ನಾನು ಕೈ ಮುಗಿದು ಕೇಳ್ತೀನಿ, ದಯವಿಟ್ಟು ಆಡ್ಬೇಡಿ, ಅದು ಹಗುರ ಮಾಡಲ್ಲ, ಇರೋ ನೋವಿನ ಮೇಲೆ ಅಪರಾಧ ಹೊರಿಸುತ್ತೆ. ಸಮಾಲೋಚಕಿಯಾಗಿ ಪೂಜೆ ಮಾಡಿ ಅಂತ ಹೇಳೋದು ನನ್ನ ಕೆಲಸ ಅಲ್ಲ, ಮಾಡ್ಬೇಡಿ ಅನ್ನೋದೂ ಅಲ್ಲ. ದೇವರ ಮೇಲೆ ಸಿಟ್ಟಿದೆಯಾ ಅಂತ ಮಾತ್ರ ಕೇಳ್ದೆ. ಅವತ್ತು ಅವರು ಅತ್ತಿದ್ದು, ಎಂಟು ತಿಂಗಳಲ್ಲಿ ಮೊದಲ ಸಲ ಅಂದ್ರು. "ಐತ್ರಿ. ಭಾಳ ಸಿಟ್ಟ್ ಐತಿ. ಅಂದ್ರ ಪಾಪ ಬರ್ತೈತಿ ಅಂತ ಯಾರ ಮುಂದೂ ಅಂದಿಲ್ಲ." ಸಿಟ್ಟು ಮಾಡ್ಕೊಳ್ಳೋಕೂ ಒಂದು ಸಲಿಗೆ ಬೇಕಲ್ವಾ ಶಾಂತಕ್ಕ, ಪರಿಚಯ ಇಲ್ಲದವರ ಮೇಲೆ ಯಾರೂ ಹಿಂಗೆ ಮುನಿಸ್ಕೊಳ್ಳಲ್ಲ ಅಂದೆ. ಒಂದು ತಿಂಗಳಾದ ಮೇಲೆ ಅವರೇ ಹೇಳಿದ್ರು, ಹೊಲಿವಾಗ ಒಂದು ಹೊಲಿಗೆಗೆ ಒಂದು ಓಂ ನಮಃ ಶಿವಾಯ ಅಂತ ಬಾಯಿಗೆ ತಾನಾಗೇ ಬರ್ತಿದೆ, ಅದು ಬೇಡಿಕೆ ಅಲ್ಲ, ಹರಕೆ ಅಲ್ಲ, ಎಣಿಕೆ ಅಷ್ಟೇ ಅಂತ. ಮೊದಲೆಲ್ಲ ಇದು ವಾಸಿ ಮಾಡು ಅದು ಮಾಡ್ತೀನಿ ಅಂತ ಹರಕೆ ಹೊತ್ತು ಹೊತ್ತು, ರಿಪೋರ್ಟ್ ಬಂದಾಗಲೆಲ್ಲ ಸೋತಂಗೆ ಆಗ್ತಿತ್ತಂತೆ. ಈಗಿನದೇ ಇರ್ಲಿ ಅಂದೆ.

ಮನೆಯವರನ್ನೂ ಒಂದು ಸಲ ಕೂರಿಸಿ ಮಾತಾಡಿದೆ, ಮಗ ಫೋನಲ್ಲಿದ್ದ. ಅಮ್ಮ ಹೇಳದೇ ಇದ್ದಿದ್ದಕ್ಕೆ ಅವನಿಗೆ ಎಲ್ಲಾ ಸರಿ ಇದೆ ಅಂತಾನೇ ಗೊತ್ತು. ತಿಂಗಳಿಗೆ ಎರಡು ಶನಿವಾರ ನಾನು ಬರ್ತೀನಿ, ಅಪ್ಪನ ಜೊತೆ ನಾನು ಹೋಗ್ತೀನಿ ಅಂದ, ಮತ್ತೆ ಇಲ್ಲೀವರೆಗೆ ಹೆಚ್ಚುಕಮ್ಮಿ ನಡೆಸ್ಕೊಂಡು ಬಂದಿದಾನೆ. ಸಹಾಯ ಕೇಳುವಾಗ ಸ್ವಲ್ಪ ನೋಡ್ಕೋ ಅನ್ಬೇಡಿ, ಯಾವ ದಿನ, ಎಷ್ಟೊತ್ತಿಗೆ, ಏನು ಮಾಡ್ಬೇಕು ಅಂತ ಹೇಳಿ ಅನ್ನೋದು ನಾನು ಎಲ್ಲರಿಗೂ ಕೊಡೋ ಸಲಹೆ, ಇಲ್ಲೂ ಅದೇ ಕೊಟ್ಟೆ. ನೀರಿನ ಅಳತೆ ವಿಷಯಾನೂ ಅವತ್ತೇ ಬಗೆಹರೀತು. ಬೆಳಿಗ್ಗೆ ಆ ದಿನದ ನೀರು ಒಂದು ಬಾಟಲಿಗೆ ತುಂಬಿ ಗಂಡನ ಕೈಗೇ ಕೊಡೋದು, ಯಾವಾಗ ಎಷ್ಟು ಅನ್ನೋದು ಅವರ ಲೆಕ್ಕ. ಇಲ್ಲ ಅನ್ನೋ ಕೆಲಸ ಶಾಂತಕ್ಕನ ಕೈಯಿಂದ ಹೋಯ್ತು. ಇದರಿಂದ ಅವರಿಗೆ ಆದ ನಿರಾಳ ಕೌದಿಯಿಂದ ಆಗಿದ್ದಕ್ಕಿಂತ ಕಡಿಮೆ ಏನಲ್ಲ, ಹೇಳ್ಬಿಡ್ತೀನಿ, ಹೊಲಿಗೆ ಒಂದರಿಂದಲೇ ಎಲ್ಲಾ ಆಯ್ತು ಅಂತ ಯಾರೂ ತಿಳ್ಕೋಬಾರ್ದು.

ಗಂಡನೂ ಕೌದಿಗೆ ಸೇರ್ಕೊಂಡ್ರು. ಸೂಜಿ ನನಗೆ ಬೇಡ, ಬಣ್ಣ ಕೂಡಿಸೋದು ನಂದು ಅಂದ್ರಂತೆ. ಹಾಸಿಗೆ ಮೇಲೆ ತ್ಯಾಪಿಗಳನ್ನ ಹರವಿ ಅವ್ವನ ಸೀರೆಯ ಕೆಂಪು ಸೆರಗು ನಡುವೆ ಬರ್ಲಿ, ನನ್ನ ಹಳೇ ಅಂಗಿ ಅಂಚಿಗೆ ಇರ್ಲಿ ಅಂತ ಜಗಳ. ಮಗಳು ಅದರ ವಿಡಿಯೋ ತೋರಿಸಿದ್ಳು, ಇಬ್ರೂ ಒಂದು ಹಸಿರು ತುಂಡಿಗೆ ವಾದ ಮಾಡ್ತಾ ಇದಾರೆ, ಶಾಂತಕ್ಕ ಜೋರಾಗೇ ಬೈತಾ ಇದಾರೆ. ಮೊದಲ ದಿನ ಆ ಹುಡುಗಿ ಸಿಟ್ಟೂ ಮಾಡಂಗಿಲ್ಲ ಅಂದಿದ್ದು ನೆನಪಾಯ್ತು.

ನಡುವೆ ಗಂಡನಿಗೆ ಸೋಂಕಾಗಿ ಹನ್ನೊಂದು ದಿನ ಆಸ್ಪತ್ರೇಲಿ ಅಡ್ಮಿಟ್, ಆಗ ಎಲ್ಲಾ ನಿಂತೋಯ್ತು, ಮೂರು ವಾರ ಚೀಲ ಗೂಟದಲ್ಲೇ ಇತ್ತು. ಮತ್ತೆ ಶುರು ಮಾಡೋಕೆ ಎರಡು ಭೇಟಿ ಹಿಡೀತು. ನಾಕನೇ ತಿಂಗಳ ಕೊನೇಲಿ ಅವೇ ಒಂಬತ್ತು ಪ್ರಶ್ನೆ ಕೇಳಿದಾಗ 6 ಬಂತು. ಆರು ಅಂದ್ರೆ ಸೊನ್ನೆ ಅಲ್ಲ, ನಿದ್ದೆ ಈಗಲೂ ಕೆಲವು ರಾತ್ರಿ ಬರಲ್ಲ, ಹಣದ ಚಿಂತೆ ಇದೆ, ಅದು ನಿಜವಾದ ಚಿಂತೆ. ಇವರಿಗೆ ಮಾತ್ರೆ ಇಲ್ಲದೆ ನಡೀತು, ಎಲ್ಲರಿಗೂ ಹಂಗೆ ನಡೆಯಲ್ಲ, ಸ್ಕೋರ್ ಇಳೀದೇ ಇದ್ದಿದ್ರೆ ನಾನೇ ಮನೋವೈದ್ಯರ ಹತ್ರ ಕಳಿಸ್ತಿದ್ದೆ. ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಎರಡು ವಾರ ಮೀರಿ ಏನೂ ಬೇಡ ಅನ್ನಿಸ್ತಿದ್ರೆ, ಅಥವಾ ಸಾಯೋ ಯೋಚನೆ ಬರ್ತಿದ್ರೆ, ಹೊಲಿಗೆ ಪೂಜೆ ಅಂತ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಬೀಳಲ್ಲ.

ಈಗ ಎರಡು ತಿಂಗಳಿಗೊಮ್ಮೆ ಬರ್ತಾರೆ. ಹೋದ ಸಲ ಕೌದಿ ತಂದಿದ್ರು, ಒಗೆದು ಒಗೆದು ಮೆತ್ತಗಾಗಿತ್ತು, ನಡುವೆ ಕೆಂಪು ಸೆರಗು. ಒಂದು ಮೂಲೆ ಮಾತ್ರ ಹೊಲಿದಿರ್ಲಿಲ್ಲ, ಸೇಫ್ಟಿ ಪಿನ್ ಹಾಕಿತ್ತು. ಯಾಕೆ ಅಂದೆ. ಅವರ ಅತ್ತೆ ಕಡೇ ಮೂಲೆ ಮುಚ್ಚೋ ಮುಂಚೆ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲೀತಿದ್ರಂತೆ, ಕೌದಿ ಹಸ್ಕೊಂಡಿರ್ಬಾರ್ದು ಅಂತ.

"ರೊಟ್ಟಿ ಇಡೂ ಮುಂದ ಮಗಾ ಇರ್ಬೇಕ್ರಿ. ಮುಂದಿನ ಶನಿವಾರ ಬರ್ತಾನ."