ಗ್ಯಾಸ್ ಒಲಿ ಸ್ಕ್ರೂ ಬರಲ್ಲಂತ ಡ್ರಿಲ್ ಹಚ್ಚಬ್ಯಾಡ್ರಿ

ಅಣ್ಣಾ, ಫೋಟೋ ನೋಡಿದೆ. ಮಿಕ್ಸಿಂಗ್ ಟ್ಯೂಬಿನ (ಗ್ಯಾಸ್, ಗಾಳಿ ಕೂಡಿ ಬರ್ನರಿಗೆ ಹೋಗೋ ಕೊಳವಿ) ಸ್ಕ್ರೂ ಬರಲಿಲ್ಲಂತ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಐದು ನಿಮಿಷಕ್ಕ ಬ್ಯಾಟರಿ ಡ್ರಿಲ್ ಹಚ್ಚೀರಿ, ಸ್ಕ್ರೂ ತಲಿಯೊಳಗಿನ ಪ್ಲಸ್ ಗೀರು ಸವೆದು ಗುಂಡಗ ಆಗ್ಯಾದ. ಈಗ ಎಕ್ಸ್‌ಟ್ರ್ಯಾಕ್ಟರ್ (ಕೆಟ್ಟ ಸ್ಕ್ರೂಗೆ ತೂತು ಕೊರೆದು ಒಳಗ ಕಚ್ಚಿಸಿ ತೆಗೆಯೋ ಬಿಟ್) ಹಾಕ್ತೀನಿ ಅಂತೀರಿ. ಹಾಕಬ್ಯಾಡ್ರಿ. ಇದೇ ತಪ್ಪು ನಾನೂ ಮಾಡೀನಿ. 4 ಎಂಎಂ ಸ್ಕ್ರೂಗೆ ಬರೋ ಎಕ್ಸ್‌ಟ್ರ್ಯಾಕ್ಟರ್ ಭಾಳ ಸಣ್ಣದು, ಕಟ್ ಅಂತ ಮುರಿದು ಒಳಗೇ ಉಳೀತದ. ಅದು ಗಟ್ಟಿ ಉಕ್ಕು. ಮನ್ಯಾಗಿನ ಬಿಟ್ ಅದರ ಮ್ಯಾಲ ಜಾರ್ತದ, ಕೊರೆಯಲ್ಲ. ಆಮ್ಯಾಲ ಟ್ಯೂಬೇ ಹೊಸಾದು ತರೋದು.

ಅಲ್ಲಿ ಹಿಡಿದದ್ದು ಬರೀ ಜಂಗ್ ಅಲ್ಲ. ಸ್ಕ್ರೂ ಕಬ್ಬಿಣ, ಟ್ಯೂಬ್ ಅಲ್ಯೂಮಿನಿಯಂ. ತೊಗರಿ ಬ್ಯಾಳಿ ಉಕ್ಕಿದಾಗ ಉಪ್ಪಿನ ನೀರು, ರೊಟ್ಟಿಗೆ ಸವರೋ ನೀರು, ಎಲ್ಲಾ ಇಳಿದು ಥ್ರೆಡ್ಡಿನೊಳಗ ಕೂಡ್ತದ. ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿ ಆಗಿ ಸಿಮೆಂಟಿನಂಗ ಕಚ್ಚಿಕೊಳ್ತದ. ಡಬ್ಲ್ಯೂಡಿ-40 ನೀರು ಓಡಿಸಲಿಕ್ಕ ಚಲೋ ಮಾಲು, ಆದ್ರ ಇಂಥ ಕಡೆ ಐದು ನಿಮಿಷದಾಗ ಏನೂ ಆಗಲ್ಲ. ಅದಕ್ಕೇ ರಾತ್ರಿಪೂರ್ತಿ ಬಿಡಬೇಕು.

ಇಂಥ ಸ್ಕ್ರೂಗೆ ನನ್ನ ಕೈಯಾಗ ಕೆಲಸ ಮಾಡಿದ್ದು ಮೇಣದಬತ್ತಿ. ಅದಕ್ಕೂ ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಪೈಪ್ ಬಿಚ್ಚಿ, ಒಲಿ ಅಂಗಳಕ್ಕ ತರ್ರಿ. ನಾಬ್ ತಿರುಗಿಸಿ ಉಳಿದ ಗ್ಯಾಸ್ ಹೋಗಲಿಕ್ಕ ಬಿಡ್ರಿ. ಪೈಪ್ ಹಂಗೇ ಇಟ್ಟು ಸುತ್ತಿಗಿ ಹಿಡಿಯೋರು ಈ ಗುಂಪಿನೊಳಗೇ ಎಷ್ಟು ಮಂದಿ ಅದಾರ! ನೀವು ಎಣ್ಣಿ ಹೊಡೆದೀರಿ, ಹಂಗಾಗಿ ಅದನ್ನ ಬಟ್ಟೀಲೆ ಒರೆಸಿ ಒಂದು ದಿನ ಗಾಳಿಗೆ ಇಡ್ರಿ. ಹಸಿ ಸ್ಪ್ರೇ ಮ್ಯಾಲ ಶಾಖ ಕೊಟ್ರ ಬೆಂಕಿ ಹತ್ತತದ.

ದಬ್ಬಳ ತೊಗೊಂಡು ಸ್ಕ್ರೂ ತಲಿಯೊಳಗಿನ ಕರಕಲು ಕೆದರಿ ತೆಗೀರಿ. ಸುಟ್ಟ ಬ್ಯಾಳಿ ಅಲ್ಲೇ ಗಟ್ಟಿಯಾಗಿ ಕೂತಿರ್ತದ, ಪೇಚಕಸ್ ಪೂರಾ ಇಳಿಯಲ್ಲ, ಪ್ಲಸ್ ಸವೆಯೋದು ಅದಕ್ಕೇ. ಆಮ್ಯಾಲ ತಲಿ ಮ್ಯಾಲ ಮೊಂಡು ಪಂಚ್ (ತುದಿ ಚೂಪಿಲ್ಲದ ಉಕ್ಕಿನ ಕಡ್ಡಿ) ಇಟ್ಟು ಸುತ್ತಿಗೀಲೆ ಹತ್ತು ಹದಿನೈದು ಸಣ್ಣ ಏಟು. ಹೀಟ್ ಗನ್ನಿನಿಂದ (ಬಿಸಿ ಗಾಳಿ ಊದೋ ಯಂತ್ರ) ಸ್ಕ್ರೂ ಸುತ್ತಲಿನ ಟ್ಯೂಬ್ ಕಾಸ್ರಿ, ಸ್ಕ್ರೂ ಅಲ್ಲ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮಿ ಎರಡು ಪಟ್ಟು ಹಿಗ್ತದ, ತೂತು ಸಡಿಲ ಆಗ್ತದ. ಮೇಣ ಮುಟ್ಟಿಸಿದ ಕೂಡ್ಲೇ ಕರಗಿ ನೀರಿನಂಗ ತಲಿ ಸುತ್ತ ಓಡಬೇಕು, ಅಷ್ಟು ಬಿಸಿ ಸಾಕು. ಹೊಗಿ ಎದ್ರ ಹೆಚ್ಚಾಯ್ತು ಅಂತ ತಿಳೀರಿ. ಮೇಣ ಥ್ರೆಡ್ಡಿನೊಳಗ ಎಳ್ಕೊಳ್ಳೋದು ಕಣ್ಣಿಗೆ ಕಾಣ್ತದ. ಎರಡು ಮೂರು ಸಲ ಹಂಗೇ ಮಾಡ್ರಿ.

ಬಿಸಿ ಇದ್ದಾಗಲೇ ಮೊದಲು ಒಂದು ಕೂದಲೆಳಿಯಷ್ಟು ಬಿಗಿ ಮಾಡ್ರಿ, ಆಮ್ಯಾಲ ಸಡಿಲು. ಟಿಕ್ ಅಂತ ಸಪ್ಪಳ ಬಂದ್ರ ಹಿಡಿತ ಬಿಟ್ಟದ. ಆದ್ರೂ ಒಂದೇ ಸಲಕ್ಕ ಎಳೀಬ್ಯಾಡ್ರಿ. ಕಾಲು ಸುತ್ತು ಸಡಿಲು, ಅದರ ಅರ್ಧದಷ್ಟು ಬಿಗಿ, ಮತ್ತ ಸಡಿಲು. 2 ನಂಬರ್ ಪ್ಲಸ್ ಪೇಚಕಸ್ ಬೇಕು, ತುದಿ ಹೊಸಾದಿರಬೇಕು. ತಪಾರಿಯಾ ಕಂಪನಿದು ತೊಗೊಳ್ರಿ. ಸಂತ್ಯಾಗಿನ ಸೆಟ್ ಬಿಟ್ ಮೆತ್ತಗಿರ್ತಾವ, ಸ್ಕ್ರೂ ಕೆಡಿಸ್ತಾವ.

ನಿಮ್ಮ ಪ್ಲಸ್ ಈಗಾಗಲೇ ಹೋಗ್ಯಾದ. ಆದ್ರ ಸ್ಕ್ರೂ ತಲಿ ಟ್ಯೂಬಿನಿಂದ ಮ್ಯಾಲಕ್ಕ ಎದ್ದು ಕಾಣ್ತದ, ಹಂಗಾಗಿ ಗ್ರಿಪ್ ಪ್ಲೈಯರ್ (ಕಚ್ಚಿ ಲಾಕ್ ಆಗೋ ಇಕ್ಕಳ) ಬಾಜುಕಿಂದ ಬಿಗಿಯಾಗಿ ಕಚ್ಚಿಸಿ ತಿರುಗಿಸ್ರಿ. ಜಾರಿದ್ರ ಹ್ಯಾಕ್ಸಾ ಬ್ಲೇಡಿನಿಂದ ತಲಿ ಮ್ಯಾಲ ಒಂದು ಗೀರು ಕೊಯ್ದು ಚಪ್ಪಟಿ ಪೇಚಕಸ್ ಹಾಕ್ರಿ. ತಲಿಯೇ ಹಾರಿಹೋದ್ರ ಮಾತ್ರ ಡ್ರಿಲ್: ನಟ್ಟನಡು ಪಂಚ್ ಹೊಡೆದು 2 ಎಂಎಂ, ಆಮ್ಯಾಲ 3.3 ಎಂಎಂ, ಆಮ್ಯಾಲ 4 ಎಂಎಂ ಥ್ರೆಡ್ ಕೊರೆಯೋ ಎಂ4 ಟ್ಯಾಪ್. ನಡು ತಪ್ಪಿದ್ರ ಬಿಟ್ ಮೆತ್ತನ ಅಲ್ಯೂಮಿನಿಯಂ ಕಡೆ ಓಡ್ತದ.

ಗ್ಲಾಸ್ ಟಾಪ್ ಒಲಿ ಇದ್ರ ಏಟೂ ಇಲ್ಲ, ಹೀಟ್ ಗನ್ನೂ ಇಲ್ಲ, ಮೊದಲು ಗಾಜು ಬಿಚ್ಚಿ ಬ್ಯಾರೆ ಇಡ್ರಿ. ಕಾಕಿನ (ನಾಬ್ ಹಿಂದಿನ ಗ್ಯಾಸ್ ವಾಲ್ವ್) ಸ್ಕ್ರೂಗಂತೂ ಶಾಖ ತೋರಿಸಲೇಬ್ಯಾಡ್ರಿ, ಒಳಗಿನ ಗ್ರೀಸ್ ಸುಟ್ಟು ಗ್ಯಾಸ್ ಸೋರ್ತದ. ಅಲ್ಲಿ ಎಣ್ಣಿ ಹನಿ ಬಿಟ್ಟು ಒಂದು ರಾತ್ರಿ ಕಾಯೋದೇ. ಬಂಡಿ ಗ್ರೀಸ್ ಕಾಕಿಗೆ ತುಂಬೋದೂ ತಪ್ಪು, ಬಿಸಿಗೆ ಕರಗಿ ತೂತು ಮುಚ್ತದ.

ಬಿಚ್ಚಿದ ಮ್ಯಾಲ ಜೆಟ್ಟಿಗೆ (ಗ್ಯಾಸ್ ಹೊರಗ ಬರೋ ಸಣ್ಣ ತೂತಿನ ತುಣುಕು) ಪಿನ್ ಚುಚ್ಚಬ್ಯಾಡ್ರಿ. ತೂತು ದೊಡ್ಡದಾದ್ರ ಉರಿ ಹಳದಿ, ಬೋಗಾಣಿ ತಳ ಕರ್ರಗ. ಚಿಮಣಿ ಎಣ್ಣ್ಯಾಗ ನೆನಸಿ ಊದಿದ್ರ ಸಾಕು. ದೊಡ್ಡ ಬರ್ನರ್ ಜೆಟ್, ಸಣ್ಣ ಬರ್ನರ್ ಜೆಟ್ ಅದಲುಬದಲು ಆಗದಂಗ ಬ್ಯಾರೆ ಬ್ಯಾರೆ ವಾಟಗದಾಗ ಇಡ್ರಿ. ಹೊಸ ಸ್ಕ್ರೂ ಸ್ಟೀಲಿಂದು ಹಾಕಿ, ಥ್ರೆಡ್ಡಿಗೆ ಒಂದು ಚಿಟಿಕಿ ಬಿಸಿ ತಡಕೊಳ್ಳೋ ಗ್ರೀಸ್ ಸವರ್ರಿ, ಮುಂದ ಸಲೀಸಾಗಿ ಬರ್ತದ. ಸ್ಕ್ರೂ ತರಲಿಕ್ಕ ಅಂಗಡಿಗೆ ಹೋದ್ರ ಹಳೇದು ಕೈಯಾಗ ಹಿಡ್ಕೊಂಡು ಹೋಗ್ರಿ, ಉದ್ದ ತಪ್ಪಲ್ಲ. ಜೋಡಿಸಿದ ಮ್ಯಾಲ ಸೋಪಿನ ನೊರಿ ಹಚ್ಚಿ ನೋಡ್ರಿ, ಕಡ್ಡಿ ಗೀರಿ ಅಲ್ಲ. ವಾಸನಿ ಬಂದ್ರ ರೆಗ್ಯುಲೇಟರ್ ಬಂದ್, ಬಾಗಿಲು ಕಿಡಕಿ ತೆರೀರಿ, ಲೈಟ್ ಸ್ವಿಚ್ ಮುಟ್ಟಬ್ಯಾಡ್ರಿ, ಹೊರಗ ಬಂದು 1906ಕ್ಕ ಫೋನ್ ಮಾಡ್ರಿ. ಪೈಪ್ ಮ್ಯಾಲ ಬರೆದ ವರ್ಷನೂ ನೋಡ್ರಿ, 5 ವರ್ಷ ದಾಟಿದ್ರ ಬದಲಿ ಮಾಡ್ರಿ.

ಇವತ್ತು ಏನೂ ಮಾಡೋ ಮುಂಚೆ ಟ್ಯೂಬಿನ ಹಿಂದಿನ ಕಡೆ ಒಂದು ಫೋಟೋ ಹಾಕ್ರಿ. ಸ್ಕ್ರೂ ತುದಿ ಆಚೆ ಹೊರಗ ಬಂದಿದ್ರ ಗ್ರಿಪ್ ಪ್ಲೈಯರ್ ಅಲ್ಲೇ ಕಚ್ಚಿಸಬಹುದು, ತಲಿ ಗೊಡವಿನೇ ಬ್ಯಾಡ. ಹಿಂದಿಂದ ಹಿಡಿದಾಗ ಎಡಕ್ಕಲ್ಲ, ಬಲಕ್ಕ ತಿರುಗಿಸಬೇಕು.